ಜಾಯಿಕಾಯಿ ದ್ವೀಪದಲ್ಲಿ ಪತ್ರೊಡೆ

ನಾನು ಡಾಕ್ಟರಿಕೆ ಓದಲು ಗ್ರೆನಡಾಕ್ಕೆ ಹೊರಟಿದ್ದೇನೆ ಎಂದಾಗ ದೊಡ್ಡಪ್ಪ, "ಅದು ಎಲ್ಲಿ ಉಂಟು?" ಎಂದು ಕೇಳಿದರು. ವೆಸ್ಟ್ ಇಂಡೀಸಿನಲ್ಲಿ ಎಂದೆ. ಅವರು ಬಾಯೊಳಗಿನ ಕವಳವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿ ಸ್ವಲ್ಪ ಹೊತ್ತು ಯೋಚಿಸಿದರು. "ವೆಸ್ಟ್ ಇಂಡೀಸ್ ಅಂದರೆ ಇಂಡಿಯಾದ ಪಶ್ಚಿಮ ಅಲ್ವಾ? ಹಾಗಾದರೆ ಅದು ಮಂಗಳೂರೇ ಆಯ್ತಲ್ಲ ಮಾರಾಯ. ಅದಕ್ಕೆ ವಿಮಾನ ಎಂತಕ್ಕೆ, ಬಸ್ಸಿನಲ್ಲಿ ಹೋಗಿ ಬಾ!" ಕೊಲಂಬಸನೂ ಹೆಚ್ಚುಕಮ್ಮಿ ಇದೇ ಲೆಕ್ಕಾಚಾರದಲ್ಲಿ ಹೊರಟವನಾದ್ದರಿಂದ ನಾನು ದೊಡ್ಡಪ್ಪನನ್ನು ತಿದ್ದಲು ಹೋಗಲಿಲ್ಲ.

ಹೊರಟ ಕಾರಣವೇನೂ ಘನವಾದದ್ದಲ್ಲ. ನೀಟ್ ಪರೀಕ್ಷೆಯಲ್ಲಿ ನನಗೆ ಬಂದ ರ‍್ಯಾಂಕನ್ನು ಓದಬೇಕಾದರೆ ಬಲಗಡೆಯಿಂದ ಏಕ, ದಶ, ಶತ ಎಂದು ಎಣಿಸುತ್ತ ಬರಬೇಕಿತ್ತು. ಪುತ್ತೂರಿನ ಹತ್ತಿರ ನಮಗೊಂದು ಅಡಿಕೆ ತೋಟ, ಅದರ ನಡುವೆ ಕೊಕ್ಕೋ, ತೋಡಿನ ಬದಿಯಲ್ಲಿ ಹನ್ನೆರಡು ಜಾಯಿಕಾಯಿ ಮರ. ಇಷ್ಟನ್ನು ನೋಡಿ ಬ್ಯಾಂಕಿನವರು ಸಾಲ ಕೊಟ್ಟರು. ಮುಂಬೈ, ಲಂಡನ್ ಎಂದು ವಿಮಾನ ಬದಲಿಸುತ್ತ ಬಂದು ಇಳಿದಾಗ ಆಗಸ್ಟ್ ತಿಂಗಳು, ಥೇಟ್ ನಮ್ಮ ಆಟಿಯ ಮಳೆ. ಟ್ಯಾಕ್ಸಿಯ ಕಿಟಕಿಯಲ್ಲಿ ಮೊದಲು ಕಂಡದ್ದು ತೆಂಗು. ಆಮೇಲೆ ಬಾಳೆ, ಮಾವು, ಹುಣಸೆ. ಒಂದು ಮನೆಯ ಅಂಗಳದಲ್ಲಿ ತಲೆ ಗಾತ್ರದ ಕಾಯಿಗಳನ್ನು ತೂಗಿಸಿಕೊಂಡು ಜೀಗುಜ್ಜೆ ಮರ ನಿಂತಿತ್ತು. ಅದರ ಬುಡದಲ್ಲಿ ಕೆಸು. ಭೂಮಿಯನ್ನು ಅರ್ಧ ಸುತ್ತಿ, ಅಪ್ಪನ ಆಸ್ತಿಯನ್ನು ಪೂರ್ತಿ ಅಡವಿಟ್ಟು ನಾನು ಬಂದು ಇಳಿದದ್ದು ನಮ್ಮ ಮನೆಯ ಹಿತ್ತಿಲಿಗೆ. ದೊಡ್ಡಪ್ಪನ ಮಾತೇ ಸರಿ.

ದ್ವೀಪದ ಉದ್ದ 34 ಕಿ.ಮೀ. ಪುತ್ತೂರಿನಿಂದ ಹೊರಟ ಮಂಗಳೂರು ಬಸ್ಸು ಬಿ.ಸಿ. ರೋಡ್ ದಾಟಿ ಚೂರು ಮುಂದೆ ಹೋಗುವಷ್ಟರಲ್ಲಿ ಈ ಊರು ಮುಗಿದು ಸಮುದ್ರ ಬಂದುಬಿಡುತ್ತದೆ.

ಗಿಡಮರಗಳು ಪರಿಚಯದವು, ಸರಿ. ಮಾತು ಮಾತ್ರ ಕೈಕೊಟ್ಟಿತು. ಮೊದಲ ಸಂಜೆ ಮನೆಯೊಡತಿ ನನ್ನ ಬಾಗಿಲು ತಟ್ಟಿ "ಗುಡ್ ನೈಟ್" ಎಂದಳು. ಮಲಗುವ ಮೊದಲು ಬಾಡಿಗೆದಾರನಿಗೂ ಹೇಳಿ ಹೋಗುವ ಒಳ್ಳೆಯ ಹೆಂಗಸು ಎಂದುಕೊಂಡು ನಾನೂ "ಗುಡ್ ನೈಟ್" ಎಂದು ಬಾಗಿಲು ಹಾಕಿಕೊಂಡೆ. ಎರಡನೆಯ ದಿನವೂ ಅದೇ ಆಯಿತು. ಮೂರನೆಯ ದಿನ ನಾನು ಬಾಗಿಲು ಹಾಕುವ ಮೊದಲೇ ಆಕೆ ಕಾಲು ಅಡ್ಡ ಇಟ್ಟಳು. ಅಲ್ಲಿ ಕತ್ತಲಾದ ಮೇಲೆ ಎದುರಾದವರಿಗೆ "ಗುಡ್ ನೈಟ್" ಎಂದರೆ ನಮಸ್ಕಾರ, ಮಾತು ಶುರುವಾಯಿತು ಎಂದರ್ಥ. ಆಕೆ ಮೂರು ಸಂಜೆಯಿಂದ ನನಗೆ ಊಟ ಹಿಡಿದುಕೊಂಡು ಬಂದಿದ್ದಳು, ನಾನು ಮೊದಲ ಎರಡು ಸಂಜೆಯೂ ಬ್ರೆಡ್ ತಿಂದು ಮಲಗಿದ್ದೆ.

"ಜಸ್ಟ್ ನೌ" ಎಂಬ ಮಾತು ಮಾತ್ರ ನನಗೆ ಕಲಿಸದೆಯೇ ಬಂತು. ನಲ್ಲಿ ರಿಪೇರಿಯವನು ಫೋನಿನಲ್ಲಿ "ಜಸ್ಟ್ ನೌ" ಎಂದ. ನನ್ನ ಜೊತೆಗಿದ್ದ ಅಮೆರಿಕದ ಹುಡುಗ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ನಮ್ಮ ಕಡೆ ಮನೆಯಿಂದ ಹೊರಡದವನೂ "ಈಗ ಬಂದೆ" ಅನ್ನುತ್ತಾನಲ್ಲ, ಇದು ಅದೇ ಎಂದು ನನಗೆ ಗೊತ್ತಾಗಿಹೋಯಿತು. ನಾನು ಕೊಡ ಹಿಡಿದು ಪಕ್ಕದ ಮನೆಗೆ ಹೋದೆ. ಅದೇ ರೀತಿ "ಲೈಮಿಂಗ್". ಕೆಲಸವಿಲ್ಲದೆ ನಾಲ್ಕು ಜನ ಕೂತು ಹರಟುವುದಕ್ಕೆ ಅವರಿಟ್ಟ ಹೆಸರು. ಅಮೆರಿಕದವರಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಬೇಕಾಯಿತು. ನನಗೆ "ಪಟ್ಟಾಂಗ" ಎಂಬ ಒಂದೇ ಶಬ್ದ ಸಾಕಾಯಿತು.

ಬಸ್ಸಿನ ವಿಷಯದಲ್ಲಿ ನನಗೆ ಅಹಂಕಾರವಿತ್ತು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ನೇತಾಡಿ ಬೆಳೆದವನಿಗೆ ಕೆರಿಬಿಯನ್ ವ್ಯಾನು ಏನು ಲೆಕ್ಕ? ಹಾರ್ನ್ ಒತ್ತುತ್ತ ದಾರಿಹೋಕರನ್ನೆಲ್ಲ ಕರೆಯುವುದು, ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಇನ್ನೊಬ್ಬರನ್ನು ತುರುಕುವುದು, ಎದೆ ನಡುಗುವ ಹಾಡು, ಎಲ್ಲ ನಮ್ಮದೇ. ಆದರೆ ಹತ್ತಿದವನು ಎಲ್ಲರಿಗೂ ಕೇಳುವ ಹಾಗೆ "ಗುಡ್ ಮಾರ್ನಿಂಗ್" ಹೇಳಬೇಕು. ನಾನು ಹೇಳಲಿಲ್ಲ. ಹಾಡನ್ನು ಬಿಟ್ಟು ಉಳಿದ ಬಸ್ಸೆಲ್ಲ ಮೌನವಾಯಿತು. ಒಬ್ಬ ಅಜ್ಜಿ ನನ್ನನ್ನು ನೋಡಿದ ನೋಟದಲ್ಲಿ ನನ್ನ ಮೂರು ತಲೆಮಾರಿನ ಸಂಸ್ಕಾರದ ತಪಾಸಣೆ ನಡೆಯಿತು. ಇಳಿಯಲು ಗಂಟೆಯ ಹಗ್ಗ ಹುಡುಕಿದೆ, ಇರಲಿಲ್ಲ. ಸೀಟಿ ಊದುವವರೂ ಇಲ್ಲ. ಮೂರು ಸ್ಟಾಪ್ ಮುಂದೆ ಹೋದ ಮೇಲೆ ತಿಳಿಯಿತು: ಬಸ್ಸಿನ ತಗಡನ್ನು ಬೆರಳ ಗಂಟಿನಿಂದ ಕುಟ್ಟಬೇಕು. ರೋಗಿಯ ಎದೆ ಕುಟ್ಟಿ ಒಳಗೆ ಗಾಳಿ ಉಂಟೋ ನೀರು ಉಂಟೋ ಎಂದು ಕೇಳಿಸಿಕೊಳ್ಳುವ ವಿದ್ಯೆಯನ್ನು ಕಾಲೇಜಿನಲ್ಲಿ ಆಮೇಲೆ ಹೇಳಿಕೊಟ್ಟರು. ನನ್ನ ಕೈ ಅಷ್ಟರಲ್ಲಿ ಪಳಗಿತ್ತು.

ಇಲ್ಲಿನ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರುವಾದದ್ದು 1977ರಲ್ಲಿ. 1983ರ ಅಕ್ಟೋಬರ್ 25ರಂದು ಅಮೆರಿಕದ ಅಧ್ಯಕ್ಷ ರೇಗನ್ ಈ ದ್ವೀಪಕ್ಕೆ ಸೈನ್ಯ ನುಗ್ಗಿಸಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಇಲ್ಲಿ ವೈದ್ಯಕೀಯ ಓದುತ್ತಿದ್ದ ಸುಮಾರು 600 ಅಮೆರಿಕನ್ ವಿದ್ಯಾರ್ಥಿಗಳ ರಕ್ಷಣೆ. ವಾಪಸು ಹೋದ ಹುಡುಗನೊಬ್ಬ ವಿಮಾನದಿಂದ ಇಳಿದವನೇ ನೆಲಕ್ಕೆ ಮುತ್ತಿಟ್ಟನಂತೆ. ರಾಜಕೀಯ ಏನೇ ಇರಲಿ, ಮೊದಲ ಅನಾಟಮಿ ಪರೀಕ್ಷೆಯ ಹಿಂದಿನ ರಾತ್ರಿ ಮಣಿಕಟ್ಟಿನ ಎಲುಬುಗಳು ಎಂಟೂ ಮರೆತುಹೋದಾಗ ನಾನೂ ಗ್ರ್ಯಾಂಡ್ ಆನ್ಸ್ ಕಡಲತಡಿಯಲ್ಲಿ ಕೂತು ಪಡುವಣ ದಿಗಂತವನ್ನು ನೋಡಿದ್ದುಂಟು. ನನ್ನನ್ನು ರಕ್ಷಿಸಲು ಒಂದು ದೋಣಿಯೂ ಬರಲಿಲ್ಲ.

ರಕ್ಷಣೆ ಬಂದದ್ದು ಪ್ಯಾಥಾಲಜಿಯಲ್ಲಿ. ಈ ಶಾಸ್ತ್ರ ಬರೆದವರೆಲ್ಲ ಹಸಿದು ಕೂತು ಬರೆದಿರಬೇಕು ಎಂಬುದು ನನ್ನ ಗುಮಾನಿ. ಕ್ಷಯದ ಗಂಟಿಗೆ ಗಿಣ್ಣಿನ ಹೆಸರು, ಮೈಯೆಲ್ಲ ಹರಡಿದ ಕ್ಷಯಕ್ಕೆ ಸಿರಿಧಾನ್ಯದ ಹೆಸರು, ಒಂದು ಜಾತಿಯ ಗಡ್ಡೆಗೆ ಚಾಕಲೇಟ್. ಕಾಲರಾದ ಭೇದಿಗೆ "ಅಕ್ಕಿ ತೊಳೆದ ನೀರು" ಎಂದರು. ಸಹಪಾಠಿಗಳು ಮುಖಮುಖ ನೋಡಿಕೊಂಡರು. ಅವರ ಮನೆಯಲ್ಲಿ ಅಕ್ಕಿ ತೊಳೆಯುವವರೇ ಇಲ್ಲ. ನಾನು ದಿನಾ ಬೆಳಿಗ್ಗೆ ದನಕ್ಕೆ ಅಕ್ಕಚ್ಚು ಇಟ್ಟು ಶಾಲೆಗೆ ಹೋದವನು.

ಒಂದು ದಿನ ಪರದೆಯ ಮೇಲೆ ಕೊಯ್ದ ಯಕೃತ್ತಿನ ಚಿತ್ರ ಬಂತು. "ನಟ್‌ಮೆಗ್ ಲಿವರ್" ಎಂದರು ಮೇಷ್ಟ್ರು. ಹೃದಯದ ಬಲಭಾಗ ಸೋತಾಗ ರಕ್ತ ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತಿ ಯಕೃತ್ತಿನಲ್ಲಿ ನಿಲ್ಲುತ್ತದೆ. ರಕ್ತ ಕಟ್ಟಿದಲ್ಲಿ ಕಡುಗೆಂಪು, ಸುತ್ತ ಮಾಸಲು ಹಳದಿ, ಹೀಗೆ ಚುಕ್ಕೆಚುಕ್ಕೆ. "ಜಾಯಿಕಾಯಿಯನ್ನು ಕೊಯ್ದು ನೋಡಿದವರು ಯಾರಿದ್ದೀರಿ?" ಎಂದು ಕೇಳಿದರು. ಜಾಯಿಕಾಯಿ ಈ ದೇಶದ ಬಾವುಟದಲ್ಲೇ ಇದೆ. ಆದರೂ ತರಗತಿಯ ಬಹುಪಾಲು ಜನ ಅದನ್ನು ಕಂಡದ್ದು ಡಬ್ಬಿಯ ಪುಡಿಯಾಗಿ. ನಾನು ಕೈ ಎತ್ತಿದೆ. ಅಲ್ಲಿ ಹೋದ ಮೇಲೆ ಕೈ ಎತ್ತಿದ್ದು ಅದೇ ಮೊದಲು. ಹೊರಗಿನ ಸಿಪ್ಪೆ ಉಪ್ಪಿನಕಾಯಿಗೆ, ಒಳಗೆ ಕೆಂಪು ಬಲೆಯ ಹಾಗೆ ಜಾಪತ್ರೆ, ಅದರೊಳಗೆ ಕರಟದಂಥ ಚಿಪ್ಪು, ಚಿಪ್ಪೊಡೆದರೆ ಬೀಜ, ಬೀಜ ಕೊಯ್ದರೆ ಈ ಚಿತ್ರ ಎಂದು ವಿವರಿಸಿದೆ. ಮಾತು ಮುಗಿಸುವಾಗ ನಾನು ಜಾಪತ್ರೆಯ ಕಿಲೋ ರೇಟಿನವರೆಗೆ ಬಂದಿದ್ದೆ. ಮೇಷ್ಟ್ರು ಸಾಕು ಎಂದರು.

ಆ ಖುಷಿಯನ್ನು ಮನೆಯೊಡತಿಗೆ ಹೇಳಿದೆ. ಆಕೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೆಗಲೆತ್ತರದ ನಾಲ್ಕು ಗಿಡ ತೋರಿಸಿದಳು. "ಇಲ್ಲಿ ದೊಡ್ಡ ಮರಗಳಿದ್ದವು, ಡಾಕ್. ಐವಾನ್‌ಗಿಂತ ಮುಂಚೆ." ಅಲ್ಲಿ ಕಾಲವನ್ನು ಹಾಗೆಯೇ ಅಳೆಯುತ್ತಾರೆ. 2004ರ ಸೆಪ್ಟೆಂಬರ್ 7ರಂದು ಬಂದ ಐವಾನ್ ಚಂಡಮಾರುತ ದ್ವೀಪದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಪೆಟ್ಟು ಕೊಟ್ಟಿತು, ಜಾಯಿಕಾಯಿ ತೋಟಗಳನ್ನು ಮಲಗಿಸಿತು. ಅಲ್ಲಿಯವರೆಗೆ ಜಾಯಿಕಾಯಿ ಬೆಳೆಯಲ್ಲಿ ಇಂಡೋನೇಷ್ಯಾ ಬಿಟ್ಟರೆ ಗ್ರೆನಡಾವೇ. ಆಕೆಯ ಗಂಡ ಒಮ್ಮೆ ಹೊಸದಾಗಿ ನೆಟ್ಟಿದ್ದನಂತೆ, ಬದುಕಲಿಲ್ಲ. ಇವು ಎರಡನೆಯ ಸಲದ ಗಿಡಗಳು.

ರಾತ್ರಿ ಹತ್ತಕ್ಕೆ ಮನೆಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತು ಎಂದರೆ ಪುತ್ತೂರಿನಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ಅಪ್ಪ ಎಲ್ಲ ಕೇಳಿ ಸುಮ್ಮನಿದ್ದರು. ಆಮೇಲೆ, "ಎಷ್ಟು ವರ್ಷದ ಮರ ಅಂತೆ?"

"ಅವರ ಅಜ್ಜನ ಕಾಲದ್ದಂತೆ."

"ಈಗ ನೆಟ್ಟದ್ದು ಕಸಿ ಗಿಡವಾ, ಬೀಜದ್ದಾ? ಬೀಜದ್ದಾದರೆ ಗಂಡೋ ಹೆಣ್ಣೋ ಅಂತ ತಿಳಿಯಲಿಕ್ಕೇ ಆರೇಳು ವರ್ಷ ಬೇಕು. ಕಸಿ ಕಟ್ಟಿದ್ದನ್ನೇ ನೆಡಲಿಕ್ಕೆ ಹೇಳು." ಅಪ್ಪ ಸಂತಾಪ ಸೂಚಿಸುವ ಕ್ರಮ ಅದು. ಮನೆಯೊಡತಿಗೆ ಹಾಗೆಯೇ ತಿಳಿಸಿದೆ. ಆಕೆ ಆ ನಾಲ್ಕು ಗಿಡಗಳನ್ನು ಅನುಮಾನದಿಂದ ನೋಡತೊಡಗಿದಳು.

ಇನ್ನು ಊಟ. ದೇಶದ ಹೆಮ್ಮೆಯ ಅಡುಗೆ ಆಯಿಲ್ ಡೌನ್: ಜೀಗುಜ್ಜೆ, ಕೆಸುವಿನ ಎಲೆ, ಅರಿಶಿನ, ತೆಂಗಿನ ಹಾಲು ಎಲ್ಲ ಒಂದೇ ಪಾತ್ರೆಯಲ್ಲಿ ಹಾಕಿ, ಹಾಲು ಪೂರ್ತಿ ಇಂಗಿ ತಳದಲ್ಲಿ ಎಣ್ಣೆ ಮಾತ್ರ ಉಳಿಯುವವರೆಗೆ ಬೇಯಿಸಬೇಕು. ಅಮ್ಮ ಕೇಳಿ, "ಇದು ನಮ್ಮದೇ ಅಲ್ವಾ!" ಎಂದು ಹಿಗ್ಗಿದಳು. ಅದಕ್ಕೆ ಹಂದಿಯ ಬಾಲವನ್ನೂ ಹಾಕುತ್ತಾರೆಂದು ನಾನು ಹೇಳಲಿಲ್ಲ. ಮನೆಯೊಡತಿ ನನಗಾಗಿ ಬಾಲವಿಲ್ಲದೆ ಮಾಡಿಕೊಟ್ಟಳು, ಪ್ರತಿ ಸಲವೂ ಅಂಗವಿಕಲನೊಬ್ಬನಿಗೆ ಬಡಿಸುವಷ್ಟು ಮರುಕದಿಂದ. ಜೀಗುಜ್ಜೆ ಈ ಕಡೆಗೆ ಬಂದದ್ದು 1793ರಲ್ಲಿ, ಕ್ಯಾಪ್ಟನ್ ಬ್ಲೈ ಪೆಸಿಫಿಕ್ ದ್ವೀಪಗಳಿಂದ ಹಡಗಿನಲ್ಲಿ ಗಿಡ ತಂದಾಗ; ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟವಾಗಲಿ ಎಂದು. ಗುಲಾಮರ ಮಕ್ಕಳು ಅದನ್ನು ಹಬ್ಬದ ಅಡುಗೆ ಮಾಡಿಕೊಂಡರು.

ಇಷ್ಟು ತಿಂದ ಋಣ ತೀರಿಸಬೇಕಲ್ಲ. ಕೆಸುವಿನ ಎಲೆ ಕೈಗೆಟುಕುವಷ್ಟು ಹತ್ತಿರವಿತ್ತು. ಪತ್ರೊಡೆ ಮಾಡುತ್ತೇನೆ ಎಂದೆ. ಅಕ್ಕಿ ನೆನೆಸಿ, ಅಮೆರಿಕದ ಹುಡುಗ ಪ್ರೋಟೀನ್ ಕಲಸುವ ಮಿಕ್ಸಿಯಲ್ಲಿ ಅರೆದೆ. ಹುಣಸೆಹಣ್ಣು ಅಂಗಡಿಯಲ್ಲಿ ಸಕ್ಕರೆ ಹೊರಳಿಸಿದ ಉಂಡೆಯಾಗಿ ಮಾತ್ರ ಸಿಕ್ಕಿತು, ಅದನ್ನೇ ಎರಡು ಹಾಕಿದೆ. ಎಲೆಗೆ ಹಿಟ್ಟು ಸವರಿ, ಸುತ್ತಿ, ರೈಸ್ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ರುಚಿ ನೋಡಿದೆ. ಐದು ನಿಮಿಷದಲ್ಲಿ ಗಂಟಲಿನೊಳಗೆ ಕಟ್ಟಿರುವೆ ಹರಿದಂತಾಯಿತು. ನಾಲಿಗೆಯ ಹಿಂಬದಿಯ ಸಂವೇದನೆ ಹೊತ್ತೊಯ್ಯುವುದು ಒಂಬತ್ತನೆಯ ಕಪಾಲ ನರ, ಚುಚ್ಚುತ್ತಿರುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು, ಎಲ್ಲವೂ ಗೊತ್ತಿತ್ತು. ಏನು ಮಾಡಬೇಕು ಎಂಬುದೊಂದು ಗೊತ್ತಿರಲಿಲ್ಲ.

ಫೋನಿನಲ್ಲಿ ನನ್ನ ಸ್ವರ ಕೇಳಿದ್ದೇ ಅಮ್ಮ ರೋಗ ಪತ್ತೆ ಮಾಡಿದಳು. "ಹುಳಿ ಎಷ್ಟು ಹಾಕಿದ್ದಿ?" ಹೇಳಿದೆ. "ಡಾಕ್ಟರನಂತೆ ಡಾಕ್ಟರ! ಮುಷ್ಟಿ ತುಂಬ ಹಾಕಬೇಕು. ಒಂದು ಗಂಟೆಯಾದರೂ ಬೇಯಬೇಕು." ಮನೆಯೊಡತಿಯದೂ ಅದೇ ತೀರ್ಪು: ಅರೆಬೆಂದ ಕೆಸುವಿನ ಎಲೆ ತಿನ್ನುವಷ್ಟು ದಡ್ಡರು ತಮ್ಮ ಊರಿನ ಮಕ್ಕಳಲ್ಲೂ ಇಲ್ಲ. ಮರುದಿನ ತನ್ನ ಮರದ ಹುಣಸೆಹಣ್ಣು ಒಂದು ಚೀಲ ತಂದಿಟ್ಟಳು.

ಎರಡನೆಯ ಸಲದ್ದು ಪತ್ರೊಡೆಯೇ ಆಯಿತು. ಮನೆಯೊಡತಿ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನ ಅಗಿದು, "ಚೆನ್ನಾಗಿದೆ, ಆದರೆ ಏನೋ ಕಮ್ಮಿ" ಎಂದಳು. ಎದ್ದು ಹೋಗಿ ಒಂದು ಜಾಯಿಕಾಯಿ, ಪುಟ್ಟ ತುರಿಮಣೆ ತಂದು ಎಲ್ಲ ಹೋಳುಗಳ ಮೇಲೂ ಧಾರಾಳವಾಗಿ ತುರಿದಳು. ಮತ್ತೆ ಆರು ಹೋಳು ತಿಂದಳು. ಎದುರು ಕೂತ ನಾನೂ ಅದನ್ನೇ ತಿಂದೆ.

ಪತ್ರೊಡೆಗೂ ಜಾಯಿಕಾಯಿಗೂ ಆಗಿಬರುವುದಿಲ್ಲ. ಹನ್ನೆರಡು ಮರ ಇರುವ ಮನೆಯವನು ಹೇಳುತ್ತಿದ್ದೇನೆ, ನೀವು ಮಾಡಲು ಹೋಗಬೇಡಿ.