ನಿಮ್ಮ ಹೊಟ್ಟೆ ಬರೆದ ಡ್ಯೂಟಿ ಚಾರ್ಟು

ರಾತ್ರಿ ಹತ್ತು ಮುಕ್ಕಾಲು. ಹೋಟೆಲ್‌ನವರು ಅರ್ಧ ಶಟರ್ ಎಳೆದಾಗಿದೆ. ನೀವು ಬಗ್ಗಿ, ಒಳಗೆ ತಲೆ ತೂರಿಸಿ 'ಊಟ ಇದ್ಯೇನ್ರೀ?' ಅಂತೀರಿ. ಇದೆ ಅಂದ್ರೆ ಕಾರಲ್ಲಿದ್ದ ಆರು ಜನಾನೂ ಇಳಿಸ್ತೀರಿ. ಇಲ್ಲ ಅಂದ್ರೆ 'ಇವರಿಗೆ ವ್ಯಾಪಾರಾನೇ ಬೇಡ' ಅಂತ ಗೊಣಗಿ, ಮೊಬೈಲಲ್ಲಿ ಒಂದೇ ಒಂದು ಸ್ಟಾರ್ ಒತ್ತಿ ಮಲಗ್ತೀರಿ. ಸುಳ್ಳಾ? (ಪಕ್ಕದವರನ್ನ ನೋಡಬೇಡಿ, ನಿಮಗೇ ಹೇಳ್ತಿರೋದು.)

ಅಲ್ಲಾ, ನಿಮ್ಮ ಆಫೀಸಲ್ಲಿ ಐದೂವರೆಗೆ ಯಾರಾದ್ರೂ ಫೈಲ್ ಹಿಡ್ಕೊಂಡು ಬಂದ್ರೆ ಹೇಗಿರುತ್ತೆ ನಿಮ್ಮ ಮುಖ? ಅದೇ ಮುಖ ಸಪ್ಲೈಯರ್ ಮಾಡಿದ್ರೆ 'ಮ್ಯಾನೇಜರ್‌ನ ಕರೀರಿ' ಅಂತೀರಿ. ಮ್ಯಾನೇಜರ್ ಪಾಪ ಒಳಗೆ ಮುಂದಿನ ವಾರದ ಡ್ಯೂಟಿ ಚಾರ್ಟು ಹಿಡ್ಕೊಂಡು ತಲೆ ಕೆರ್ಕೊಳ್ತಿರ್ತಾನೆ. ಆ ಚಾರ್ಟು ಬರೆಯೋದು ಅವನು ಅಂದ್ಕೊಂಡಿದೀರಾ? ಬರೆಸ್ತಿರೋರು ನೀವು ಸ್ವಾಮಿ.

ಹೇಗೆ ಅಂತೀರಾ? ನಿಮಗೆ ಹಸಿವಾಗೋದು ಯಾವಾಗ? ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ಒಂಬತ್ತಕ್ಕೆ. ಇಡೀ ಊರಿಗೆ ಒಟ್ಟೊಟ್ಟಿಗೇ! ನಾಲ್ಕು ಗಂಟೆಗೆ ಊಟ ಮಾಡಿ ಅಂದ್ರೆ ಯಾರಾದ್ರೂ ಕೇಳ್ತೀರಾ? ಇಲ್ಲ. ಮಧ್ಯದಲ್ಲಿ ಖಾಲಿ ಟೇಬಲ್ ಕಾಯೋಕೆ ಯಜಮಾನರು ಸಂಬಳ ಕೊಡ್ತಾರಾ? ಅದೂ ಇಲ್ಲ. ಹಾಗೆ ಹುಟ್ಟಿದ್ದು ನೋಡಿ 'ಬ್ರೇಕ್ ಶಿಫ್ಟ್'.

ಬೆಳಗ್ಗೆ 11ರಿಂದ 3, ಆಮೇಲೆ ಬ್ರೇಕು, ಮತ್ತೆ ಸಂಜೆ 7ರಿಂದ 11. 'ಎಂಟೇ ಗಂಟೆ ಕೆಲಸ, ಮಧ್ಯೆ ನಾಲ್ಕು ಗಂಟೆ ರೆಸ್ಟು, ಮಜಾ ಅಲ್ವಾ?' ಅಂತ ಕೇಳೋರಿದಾರೆ. (ಕೇಳೋರಿಗೆ ಬೆಂಗಳೂರು ಟ್ರಾಫಿಕ್ ಗೊತ್ತಿಲ್ಲ.) ಆ ನಾಲ್ಕು ಗಂಟೇಲಿ ಕೆಂಗೇರಿಗೆ ಹೋಗಿ ಬಂದು ಮಾಡೋಕಾಗುತ್ತಾ? ಸ್ಟಾಫ್ ರೂಮಲ್ಲೇ ಪೇಪರ್ ಹಾಸ್ಕೊಂಡು ಮಲಗೋದು, ಇಲ್ಲಾ ಪಾರ್ಕ್ ಬೆಂಚಲ್ಲಿ ಫೋನ್ ನೋಡೋದು. ಸಂಬಳ ಎಂಟು ಗಂಟೇದು, ಕಳೆದದ್ದು ಹನ್ನೆರಡು ಗಂಟೆ.

ಇದಕ್ಕೂ ಕಾನೂನು ಇದೆ, ಕೇಳಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೇಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ. ಮೀರಿದ್ರೆ ಓವರ್‌ಟೈಮಿಗೆ ಡಬಲ್ ಸಂಬಳ. ಬ್ರೇಕೂ ಸೇರಿ ಒಟ್ಟು 12 ಗಂಟೆ ದಾಟೋ ಹಾಗಿಲ್ಲ. ಈಗ ಆ ಬ್ರೇಕ್ ಶಿಫ್ಟ್ ಎಣಿಸಿ: 11ರಿಂದ 11, ಸರಿಯಾಗಿ ಹನ್ನೆರಡು. ಗೆರೆ ಮೇಲೇ ನಿಂತಿದೆ. ನೀವು ಬಿಲ್ ಬಂದಮೇಲೆ 'ಮಗೂಗೆ ಒಂದು ಐಸ್‌ಕ್ರೀಂ' ಅಂದ್ರಿ, ಗೆರೆ ದಾಟ್ತು. ಮಗು ನಿದ್ದೆ ಮಾಡ್ತಿದೆ, ತಿನ್ನೋರು ನೀವೇ, ಆ ಮಾತು ಬೇರೆ.

ದೊಡ್ಡ ಹೋಟೆಲ್ ರಿಸೆಪ್ಷನ್‌ಗೆ ಬನ್ನಿ. ಅಲ್ಲಿ ಒಂದು ಕುರ್ಚಿ, ಹಗಲೂ ರಾತ್ರೀನೂ ಯಾರಾದ್ರೂ ಇರ್ಲೇಬೇಕು. ಎಷ್ಟು ಜನ ಬೇಕು ಹೇಳಿ ನೋಡೋಣ? ಮಾರ್ನಿಂಗ್, ಆಫ್ಟರ್‌ನೂನ್, ನೈಟ್, ಮೂರು ಜನ ಸಾಕು ಅಂತೀರಿ. (ಗೊತ್ತಿತ್ತು ನನಗೆ!) ವಾರಕ್ಕೆ 168 ಗಂಟೆ. ಒಬ್ಬ ಮಾಡೋದು 48. ಮೂರು ಜನ ಸೇರಿ 144. ಉಳಿದ 24 ಗಂಟೆ ಯಾರಪ್ಪ ಕೂರ್ತಾರೆ?

ಆ ಮೂವರೇ ಕೂರ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಶಿಫ್ಟ್ ಹೆಚ್ಚಿಗೆ, ಅಂದ್ರೆ ಮೂವರ ವಾರದ ರಜಾನೂ ಗೋತಾ. ಅದಕ್ಕೇ ಒಂದು ಕುರ್ಚಿಗೆ ನಾಲ್ಕು ಜನ ಇಟ್ರೆ ಮಾತ್ರ ಚಾರ್ಟು ಉಸಿರಾಡುತ್ತೆ. ನಾಲ್ಕನೆಯವನಿಗೆ ಜ್ವರ ಬಂತೋ, ಊರಲ್ಲಿ ತಂಗಿ ಮದುವೆ ಬಂತೋ, ಮತ್ತೆ ಡಬಲ್ ಡ್ಯೂಟಿ. ರಾತ್ರಿಪೂರ್ತಿ ಕೂತವನು ಬೆಳಗ್ಗೇನೂ ಕೂತು 'ಗುಡ್ ಮಾರ್ನಿಂಗ್ ಸರ್' ಅಂದಾಗ ಕಣ್ಣು ಕೆಂಪಗಿದ್ರೆ, 'ಕುಡ್ದಿದಾನಾ?' ಅಂತ ಹೆಂಡತಿ ಕಿವೀಲಿ ಪಿಸುಗುಟ್ತೀರಿ. ನೀವೇ ಅಲ್ವಾ ಅದು?

ಇನ್ನು ನಿಮ್ಮ 'ಅರ್ಧ ಗಂಟೆ ಅಷ್ಟೇ' ಕಥೆ. ಹನ್ನೆರಡಕ್ಕೆ ಚೆಕ್‌ಔಟು, ಎರಡಕ್ಕೆ ಚೆಕ್‌ಇನ್ನು. ಮಧ್ಯದ ಆ ಎರಡು ಗಂಟೇಲಿ ಹೌಸ್‌ಕೀಪಿಂಗ್‌ನೋರು ಬೆಡ್‌ಶೀಟ್ ಬದಲಿಸಿ, ಬಾತ್‌ರೂಮ್ ಉಜ್ಜಿ, ನೀವು ಚೆಲ್ಲಿದ ಚಕ್ಕುಲಿ ಚೂರು ಹೆಕ್ಕಬೇಕು. ನಿಮ್ಮ ಫ್ಲೋರಲ್ಲಿ ನಾಲ್ಕು ರೂಮಿನೋರು ಅರ್ಧರ್ಧ ಗಂಟೆ ಕೇಳಿದ್ರೆ ಮಾರ್ನಿಂಗ್ ಶಿಫ್ಟಿನ ಹೆಂಗಸಿಗೆ ಮೂರು ಗಂಟೆ ಬಸ್ಸು ತಪ್ತು. (ಎರಡಕ್ಕೆ ಬಂದು 'ರೂಮ್ ಇನ್ನೂ ರೆಡಿ ಇಲ್ವಾ?' ಅಂತ ಕೂಗಾಡೋರೂ ನೀವೇ!)

ಸ್ಟಾರ್ ಹೋಟೆಲಲ್ಲಿ ಇನ್ನೊಂದು ತಮಾಷೆ. ಅಲ್ಲಿ ರಾತ್ರಿ ಹನ್ನೆರಡಾದ ತಕ್ಷಣ ತಾರೀಕು ಬದಲಾಗಲ್ಲ. ನೈಟ್ ಆಡಿಟರ್ ಕೂತು ದಿನದ ಲೆಕ್ಕ ಎಲ್ಲ ತಾಳೆ ಹಾಕಿ ಮುಗಿಸಿದ ಮೇಲೇನೇ ಕಂಪ್ಯೂಟರಲ್ಲಿ ನಾಳೆ ಹುಟ್ಟೋದು. ಎರಡೋ ಮೂರೋ ಗಂಟೆ ಆಗುತ್ತೆ. ಅಷ್ಟು ಹೊತ್ತಲ್ಲಿ ಫೋನ್ ಮಾಡಿ 'ಎಸಿ ರಿಮೋಟ್ ಎಲ್ಲಿ?' ಅಂತ ಕೇಳೋರು ಯಾರು? (ದಿಂಬಿನ ಕೆಳಗಿದೆ, ನೋಡಿ.)

ಚಿಕ್ಕ ಹೋಟೆಲಿನೋರು ಜಾಣರು. ಇವೆಲ್ಲ ರಗಳೇನೇ ಬೇಡ ಅಂತ ಒಂದಿನ ಬಾಗಿಲೇ ಹಾಕ್ತಾರೆ. ಎಲ್ಲರಿಗೂ ಒಟ್ಟಿಗೆ ರಜಾ, ಬದಲಿ ಜನ ಹುಡುಕೋ ಕಷ್ಟ ಇಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುಕ್ರವಾರ ಇಲ್ಲ, ಲಾಲ್‌ಬಾಗ್ ರಸ್ತೆಯ ಎಂಟಿಆರ್ ಸೋಮವಾರ ಇಲ್ಲ, ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ ಭಾನುವಾರ ಇಲ್ಲ. ವರ್ಷಗಳಿಂದ ಹೀಗೇ ನಡೀತಿದೆ. ಆದ್ರೂ ಅಮೆರಿಕದಿಂದ ಬಂದ ಭಾವಮೈದುನನ್ನ ನೀವು ಶುಕ್ರವಾರಾನೇ ಮಸಾಲೆದೋಸೆಗೆ ಕರ್ಕೊಂಡು ಹೋಗ್ತೀರಿ. ಹೋಗಿ, ಶಟರ್ ನೋಡಿ, 'ದುಡ್ಡು ಜಾಸ್ತಿ ಆಗಿದೆ ಇವರಿಗೆ' ಅಂತೀರಿ.

ತೆರೆದಿದ್ದ ದಿನವಾದ್ರೂ ಸುಮ್ಮನಿರ್ತೀರಾ? ಬೆಳಗ್ಗೆ ಆರೂವರೆಗೆ ಬಿಸಿ ಇಡ್ಲಿ ಬೇಕು ನಿಮಗೆ. ಆ ಹಿಟ್ಟು ಹಿಂದಿನ ದಿನಾನೇ ರುಬ್ಬಿ, ರಾತ್ರಿ ಹುದುಗಿ, ಐದಕ್ಕೆ ಭಟ್ರು ಹಬೆಗಿಡಬೇಕು. ಅಂದ್ರೆ ಭಟ್ರು ನಾಲ್ಕಕ್ಕೆ ಎದ್ದಿರ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ 'ದೋಸೆ ಯಾಕಿಲ್ಲ?' ಅಂತ ನೀವು ಜಗಳ ತೆಗೆಯೋ ಹೊತ್ತಿಗೆ ಅವರದ್ದು ಒಂದು ಪೂರ್ತಿ ಶಿಫ್ಟ್ ಮುಗಿದಿರುತ್ತೆ. ಕಾವಲಿಗೂ ಭಟ್ರಿಗೂ ಸ್ವಲ್ಪ ಆರಕ್ಕೆ ಬಿಡಿ ಮಾರಾಯ್ರೇ.

ಈಗ ಅಸಲು ವಿಷಯ. ನಿಮ್ಮ ಬಳಗದಲ್ಲೂ ಒಬ್ಬ ಹೋಟೆಲ್ ಕೆಲಸದೋನು ಇದಾನೆ ತಾನೇ? ಚಿಕ್ಕಪ್ಪನ ಮಗನೋ, ನಾದಿನಿ ಮಗನೋ? ಅವನ ಬಗ್ಗೆ ನಿಮ್ಮದೊಂದು ಮಾತು ರೆಡಿ ಇರುತ್ತೆ: 'ಯಾವ ಫಂಕ್ಷನ್ನಿಗೂ ಬರಲ್ಲ, ಭಾರೀ ಜಂಭ.' ನೀವು ಫಂಕ್ಷನ್ ಇಡೋದು ಭಾನುವಾರ. ಅವನಿಗೆ ಭಾನುವಾರ ಅಂದ್ರೆ ನಿಮ್ಮಂಥ ಇನ್ನೂರು ಜನರ ಬಫೆ. ಅವನ ವೀಕ್ಲಿ ಆಫ್ ಮಂಗಳವಾರ. ಮಂಗಳವಾರ ಅವನು ಫೋನ್ ಮಾಡಿದ್ರೆ ನೀವು ಮೀಟಿಂಗಲ್ಲಿರ್ತೀರಿ!

ಅದಕ್ಕೇ ಗುಟ್ಟಾಗಿ ಒಂದು ಮಾತು. ಮುಂದಿನ ವಾರದ ಚಾರ್ಟು ಸಾಮಾನ್ಯವಾಗಿ ಈ ವಾರದ ಕೊನೇಲೇ ವಾಟ್ಸಾಪ್ ಗ್ರೂಪಿಗೆ ಬೀಳುತ್ತೆ. ಬಿದ್ದ ಮೇಲೆ ಬದಲಿಸೋದು ಅಂದ್ರೆ ಇನ್ನೊಬ್ಬನ ಕಾಲು ಹಿಡಿಯೋದು. ಗೃಹಪ್ರವೇಶಕ್ಕೆ ಅವನು ಬರಲೇಬೇಕು ಅಂತಿದ್ರೆ ಹದಿನೈದು ದಿನ ಮುಂಚೆ ಹೇಳಿ, ಹಿಂದಿನ ರಾತ್ರಿ ಹನ್ನೊಂದಕ್ಕಲ್ಲ. ಡಿಸೆಂಬರ್ ಕೊನೇ ವಾರ ಮಾತ್ರ ಕೇಳ್ಲೇಬೇಡಿ, ಆಗ ಅವರಿಗೆಲ್ಲ ರಜಾ ಬಂದ್. ಮತ್ತೆ ಬಂದಾಗ 'ಬಡಿಸೋಕೆ ನಿಂಗೆ ಅಭ್ಯಾಸ ಇದ್ಯಲ್ಲ' ಅಂತ ಸೌಟು ಕೈಗೆ ಕೊಡಬೇಡಿ, ದಮ್ಮಯ್ಯ. ಅವತ್ತು ಅವನಿಗೆ ರಜಾ ಕಣ್ರೀ.