ತಳದ ಎಲೆಯ ತಕರಾರು

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ. ಮುದುಕರನ್ನು ಆಡಿಕೊಳ್ಳುವ ಹುಡುಗರ ಬಾಯಿ ಮುಚ್ಚಿಸಲು ನಾವು ಈ ಗಾದೆಯನ್ನು ತಲೆತಲಾಂತರದಿಂದ ದುಡಿಸಿಕೊಳ್ಳುತ್ತಿದ್ದೇವೆ. ಆದರೆ ಚಿಗುರೆಲೆ ಯಾಕೆ ನಕ್ಕಿತು ಅಂತ ಯಾರೂ ಕೇಳಿದಂತಿಲ್ಲ. ನಗದೆ ಏನು ಮಾಡೀತು? ಹಣ್ಣೆಲೆಯ ಆಸ್ತಿಯೆಲ್ಲ ಅಷ್ಟರಲ್ಲಾಗಲೇ ಅದರ ಹೆಸರಿಗೆ ಖಾತೆಯಾಗಿರುತ್ತದೆ! ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಇವೆಲ್ಲ ಗಿಡದೊಳಗೆ ಮನೆ ಬದಲಾಯಿಸಬಲ್ಲ ಸರಕುಗಳು. ಬೇರಿನಿಂದ ಬರುವ ರೇಷನ್ ಸಾಲದೆ ಹೋದಾಗ ಗಿಡ ಹಳೆಯ ಎಲೆಗಳಿಂದ ಇವನ್ನು ಕಳಚಿ ಸುಳಿಗೆ ಸಾಗಿಸುತ್ತದೆ. ಕಬ್ಬಿಣ ಮತ್ತು ಸುಣ್ಣ ಮಾತ್ರ ವರ್ಗಾವಣೆಗೆ ಒಪ್ಪದ ಗುಮಾಸ್ತರು, ಕೂತ ಎಲೆ ಬಿಟ್ಟು ಏಳುವುದಿಲ್ಲ. ಹಾಗಾಗಿ ಕಬ್ಬಿಣ ಕಡಿಮೆಯಾದರೆ ಮೊದಲು ಬಿಳಿಚಿಕೊಳ್ಳುವುದು ಚಿಗುರು. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ತಳದ ಎಲೆ. ಗಿಡ ಕೆಳಗಿನಿಂದ ಒಣಗುತ್ತಿದೆ ಎಂದರೆ ಅದು ಕಂಗಾಲಾಗಿದೆ ಎಂದೇ ಅರ್ಥವಲ್ಲ, ಲೆಕ್ಕಾಚಾರ ಹಾಕಿ ಸಂಸಾರ ನಡೆಸುತ್ತಿದೆ ಎಂದೂ ಇರಬಹುದು.

ಇಷ್ಟು ಕೇಳಿದ ಕೂಡಲೇ ಯೂರಿಯಾ ಚೀಲಕ್ಕೆ ಕೈ ಹಾಕುವವರಿದ್ದಾರೆ. ಸ್ವಲ್ಪ ತಾಳಿ. ಕೆಳಗಿನಿಂದ ಶುರುವಾಗುವ ಎಲ್ಲ ಸಾವೂ ಒಂದೇ ಸಾವಲ್ಲ. ಎಲೆ ಇಡಿಯಾಗಿ, ನರವೂ ಬಿಡದಂತೆ ಮಂಕಾಗಿ ಹಳದಿಯಾಗಿದ್ದರೆ ಸಾರಜನಕದ ಮೇಲೆ ಅನುಮಾನಪಡಬಹುದು. ಅಂಚು ಮಾತ್ರ ದೋಸೆಯ ಅಂಚಿನಂತೆ ಸೀದಿದ್ದರೆ ಪೊಟ್ಯಾಷ್. ನರಗಳು ಹಸಿರಾಗಿ ಉಳಿದು ನಡುವಿನ ಬಯಲು ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ. ಟೊಮೆಟೊ ಎಲೆಯ ಮೇಲೆ ಚಕ್ಕುಲಿ ಒತ್ತಿದಂತೆ ಒಂದರೊಳಗೊಂದು ಕಂದು ಸುತ್ತುಗಳು ಕಂಡರೆ ಅದು ಹಸಿವೇ ಅಲ್ಲ, ಅಂಗಮಾರಿಯ ಶಿಲೀಂಧ್ರ. ಮಳೆ ಹನಿಯೋ ಪೈಪಿನ ನೀರೋ ನೆಲಕ್ಕೆ ಬಡಿದು ಮಣ್ಣು ಸಿಡಿದಾಗ ಆ ಮಣ್ಣಿನ ಜೊತೆ ಅದು ತಳದ ಎಲೆಗೆ ಹಾರುತ್ತದೆ, ಅಲ್ಲಿಂದ ಮೇಲಕ್ಕೆ ಏರುತ್ತದೆ. ಇದಕ್ಕೆ ಗೊಬ್ಬರ ಸುರಿಯುವುದು ಜ್ವರ ಬಂದವನಿಗೆ ಹೋಳಿಗೆ ಊಟ ಹಾಕಿದಂತೆ; ಬುಡಕ್ಕೆ ತರಗೆಲೆ ಹೊದಿಸಿ, ಚುಕ್ಕೆ ಬಿದ್ದ ಎಲೆ ಕಿತ್ತರೆ ಅರ್ಧ ಕೆಲಸ ಮುಗಿಯುತ್ತದೆ. ಬೇಸಿಗೆಯಲ್ಲಿ ಎಲೆ ಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದರೆ ಅಡಿಗೊಂದು ಬಿಳಿ ಕಾಗದ ಹಿಡಿದು ಕೊಡವಿ. ಬಿದ್ದ ಧೂಳು ನಡೆದಾಡತೊಡಗಿದರೆ ಅದು ಧೂಳಲ್ಲ, ನುಶಿ. ಇನ್ನು ಪಪಾಯಿ ತಳದ ಎಲೆ ಉದುರಿಸಿಕೊಳ್ಳುತ್ತಲೇ ಎತ್ತರವಾಗುವ ಗಿಡ. ಅದಕ್ಕೂ ಔಷಧಿ ಹುಡುಕುವವರಿಗೆ ಬೇರೆ ಔಷಧಿ ಬೇಕು.

ಆದರೆ ನಮ್ಮ ಕುಂಡಗಳ ವಿಷಯಕ್ಕೆ ಬಂದರೆ ಇಷ್ಟೆಲ್ಲ ಆರೋಪಿಗಳನ್ನು ಸಾಲಾಗಿ ನಿಲ್ಲಿಸುವ ಮೊದಲು ಒಬ್ಬರನ್ನು ವಿಚಾರಿಸಿಕೊಳ್ಳಬೇಕು: ಚೊಂಬು ಹಿಡಿದ ನಮ್ಮನ್ನು. ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರು ಆಕ್ರಮಿಸಿದರೆ ಬೇರು ಉಸಿರುಗಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ಗೊಬ್ಬರವನ್ನೂ ಹೀರಲಾರದು, ನೀರನ್ನೂ ಹೀರಲಾರದು. ಪರಿಣಾಮ ನೋಡಿ: ಮಣ್ಣಿನಲ್ಲಿ ಸಾರವಿದ್ದರೂ ತಳದ ಎಲೆ ಹಸಿವಿನಿಂದ ಹಳದಿಯಾಗುತ್ತದೆ, ಕೆಸರಿನಲ್ಲಿ ನಿಂತ ಗಿಡ ಬಾಯಾರಿಕೆಯಿಂದ ಬಾಡುತ್ತದೆ. ಬಾಡಿದ್ದು ಕಂಡ ಮನೆಯವರು ಅಯ್ಯೋ ಪಾಪ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಪ್ರೀತಿಯಿಂದ ನಡೆಯುವ ಕೊಲೆಗಳಲ್ಲಿ ಇದಕ್ಕೇ ಅಗ್ರಸ್ಥಾನ. ಫ್ಲಾಟಿನ ತುಳಸಿಯಂತೂ ದೊಡ್ಡ ಸಂತ್ರಸ್ತೆ. ಬೆಳಿಗ್ಗೆ ಅತ್ತೆಯ ಪೂಜೆ, ಆಮೇಲೆ ಸೊಸೆಯ ಪೂಜೆ, ಸಂಜೆ ದೀಪದ ಹೊತ್ತಿಗೆ ಮತ್ತೊಂದು ತಂಬಿಗೆ. ಕುಂಡದ ಅಡಿಗೆ ಟೈಲ್ಸ್ ಕೆಡದಿರಲೆಂದು ಇಟ್ಟ ತಟ್ಟೆಯಲ್ಲಿ ನಿಂತ ನೀರು. ಭಕ್ತಿಗೆ ಮಿತಿ ಇಲ್ಲದಿರಬಹುದು, ಎಂಟಿಂಚಿನ ಕುಂಡಕ್ಕೆ ಇದೆ.

ಇದಕ್ಕೊಂದು ಆಕ್ಷೇಪಣೆ ಖಂಡಿತ ಬರುತ್ತದೆ. ನಮ್ಮಜ್ಜಿ ದಿನಾ ಕೊಡಗಟ್ಟಲೆ ನೀರು ಹಾಕುತ್ತಿದ್ದರು, ಹಿತ್ತಲ ಗಿಡಗಳಿಗೆ ಏನೂ ಆಗುತ್ತಿರಲಿಲ್ಲವಲ್ಲ? ಸರಿ, ಆದರೆ ಅಜ್ಜಿಯ ಹಿತ್ತಲಿಗೆ ತಳ ಇರಲಿಲ್ಲ. ಹೆಚ್ಚಾದ ನೀರು ಪಾತಾಳದವರೆಗೆ ಇಳಿಯಬಹುದಿತ್ತು. ನಮ್ಮ ಕುಂಡದ ನೀರು ಇಳಿಯಬೇಕಾದದ್ದು ಹೆಬ್ಬೆರಳ ಗಾತ್ರದ ಒಂದು ತೂತಿನಿಂದ, ಅದನ್ನೂ ಮಣ್ಣು ಸೋರುತ್ತದೆಂದು ಹಂಚಿನ ಚೂರಿನಿಂದ ಮುಚ್ಚಿರುತ್ತೇವೆ. ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಮಧ್ಯಾಹ್ನ ಎಲೆ ಜೋತು ಬಿದ್ದಿರುವುದು ಕಣ್ಣಿಗೇ ಕಾಣುವಾಗ ನೀರು ಹಾಕದಿರುವುದು ಹೇಗೆ? ಮಧ್ಯಾಹ್ನದ ಸಾಕ್ಷಿಯನ್ನು ನಂಬಬಾರದು. ಬಿರುಬಿಸಿಲಿನಲ್ಲಿ ಬೇರು ಒದಗಿಸುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತದೆ, ಸೋರೆ, ಕುಂಬಳಗಳಂಥ ಅಗಲ ಎಲೆಯವು ಆಗ ನಾಟಕೀಯವಾಗಿ ಮೂರ್ಛೆ ಹೋಗುತ್ತವೆ, ಸಂಜೆ ಏನೂ ಆಗದವರಂತೆ ಎದ್ದು ನಿಲ್ಲುತ್ತವೆ. ಬೆಳಗಿನ ತಂಪಿನಲ್ಲೂ ತಲೆ ಎತ್ತದಿದ್ದರೆ ಮಾತ್ರ ಬುಡ ನೋಡಬೇಕು.

ಹಾಗೆ ನೋಡುವಾಗ ನೀರಿನ ತಪ್ಪೇ ಇಲ್ಲದ ಒಂದು ಪ್ರಕರಣವೂ ಸಿಗಬಹುದು. ಟೊಮೆಟೊ, ಬದನೆ ಗಿಡಗಳು ಎಲೆ ಹಳದಿಯಾಗುವ ಮೊದಲೇ, ಹಸಿಹಸಿರಾಗಿಯೇ, ಎರಡು ಮೂರು ದಿನದಲ್ಲಿ ಇಡೀ ಕುಸಿದರೆ ಅದು ದುಂಡಾಣು ಸೊರಗು. ಬುಡದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ಕೆಲವು ನಿಮಿಷ ಸುಮ್ಮನೆ ನೋಡಿದರೆ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿಯುತ್ತದೆ. ಆ ಗಿಡ ಉಳಿಯುವುದಿಲ್ಲ. ಕಿತ್ತು ಎಸೆದು, ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹಾಕಬಹುದು. ಈ ಸೊರಗು, ಅಂಗಮಾರಿ, ಎಲೆ ಮುಟುರು ಮೂರನ್ನೂ ತಡೆದುಕೊಳ್ಳಲೆಂದೇ ಬೆಳೆಸಿದ ತಳಿ ಅದು.

ಉಳಿದ ಗಿಡಗಳ ಮಟ್ಟಿಗೆ ಬೇಡಿಕೆ ಇಷ್ಟೇ. ನಾಳೆ ಬೆಳಿಗ್ಗೆ ಚೊಂಬು ಎತ್ತುವ ಮೊದಲು ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಬೆರಳಿಗೆ ಹಸಿಮಣ್ಣು ಅಂಟಿಕೊಂಡು ಬಂದರೆ ಚೊಂಬು ಕೆಳಗಿಡಿ, ತಟ್ಟೆಯ ನೀರು ಚೆಲ್ಲಿ. ತುಳಸಮ್ಮನಿಗೆ ಒಂದು ಉದ್ಧರಣೆ ಸಾಕು.