ಇನ್ಸ್‌ಪೆಕ್ಟರ್ ಅಳಿಯಂದಿರು

ಖಾನಾವಳಿಗೆ ಹೋದವರು ಕೈ ತೊಳೆದು, ಕುಂತು, 'ಪಲ್ಲೆ ಏನದ?' ಎಂದು ಕೇಳುತ್ತಾರೆ. ನಮ್ಮ ಅಣ್ಣನ ಅಳಿಯಂದಿರು ನಿಂತಲ್ಲೇ 'ಹಿಂಗಿನ ಡಬ್ಬಿ ತೋರಿಸ್ತೀರಾ?' ಎನ್ನುತ್ತಾರೆ.

ಡಬ್ಬಿ ಬಂತೆಂದರೆ ಅದರ ಬೆನ್ನು ತಿರುವಿ, ಮೊಬೈಲಿನ ಬ್ಯಾಟರಿ ಬಿಟ್ಟು, ಕಂಪನಿಯವರು ಯಾರೂ ಓದಬಾರದೆಂದೇ ಅಚ್ಚು ಹಾಕಿಸಿದ ಅಕ್ಷರಗಳನ್ನು ಓದುತ್ತಾರೆ. ಆಮೇಲೆ ವಿಚಾರಣೆ. ರೊಟ್ಟಿ ಬಡಿಯುವಾಗ ಕೆಳಗೆ ಯಾವ ಹಿಟ್ಟು ಉದುರಿಸುತ್ತೀರಿ? ಚಪಾತಿಯ ಹಂಚು ಬೇರೆ ಉಂಟೋ? ಝುಣಕದ ಕಡ್ಲಿಹಿಟ್ಟು ಚೀಲದ್ದೋ, ಮನೆಯಲ್ಲಿ ಬೀಸಿಸಿದ್ದೋ? ಇಷ್ಟು ಹೊತ್ತಿಗೆ ಗಲ್ಲಾದ ಮೇಲಿನ ಮಾಲೀಕ ಎದ್ದು ನಿಂತಿರುತ್ತಾನೆ. ಹುಡುಗನೊಬ್ಬ ಹಿತ್ತಲ ಬಾಗಿಲಿನಿಂದ ಏನನ್ನೋ ಅವಸರದಲ್ಲಿ ಹೊರಗೆ ಸಾಗಿಸುತ್ತಾನೆ. ಮರುಕ್ಷಣ ಮೇಜಿನ ಮೇಲೆ ತಣ್ಣನೆಯ ಬಾಟಲಿ, ಅದರ ಪಕ್ಕದಲ್ಲಿ ಗೋಡೆಯಿಂದ ಇಳಿಸಿ ಧೂಳು ಒರೆಸಿದ ಲೈಸೆನ್ಸು.

'ಸಾಹೇಬ್ರ, ರಿನೀವಲ್ಲಿಗಿ ಹಾಕೀವ್ರಿ. ಇನ್ನೊಂದ್ ವಾರದಾಗ ಬರ್ತದ.'

'ಇವರು ಸಾಹೇಬರಲ್ಲೋ ಮಾರಾಯಾ, ನಮ್ಮ ಅಳಿಯಂದಿರು' ಎಂದರೆ ಯಾರೂ ನಂಬುವುದಿಲ್ಲ. ಅಳಿಯನಾಗುವವನು ಇಷ್ಟು ಪ್ರಶ್ನೆ ಕೇಳುವುದು ಲಗ್ನಕ್ಕೆ ಮೊದಲು. ಅದೂ ಹಿಂಗಿನ ಬಗ್ಗೆ ಅಲ್ಲ.

ಈ ಜಾತಿಯ ಪ್ರಯಾಣಿಕರನ್ನು ನೀವೂ ಕಂಡಿರುತ್ತೀರಿ. ರೈಲಿನಲ್ಲಿ ಎಲ್ಲರೂ ಬುತ್ತಿ ಹಂಚಿಕೊಳ್ಳುವಾಗ 'ನಂದು ಆಯ್ತು' ಎಂದು ಸುಳ್ಳು ಹೇಳಿ, ದೀಪ ಆರಿದ ಮೇಲೆ ತಮ್ಮ ಡಬ್ಬಿ ತೆರೆಯುವವರು. ಮದುವೆಯ ಪಂಕ್ತಿಯಲ್ಲಿ ಬಡಿಸುವವನ ಸೌಟನ್ನು ಅರ್ಧ ದಾರಿಯಲ್ಲಿ ತಡೆಯುವವರು. ನಮ್ಮ ಅಳಿಯಂದಿರ ಜೇಬಿನಲ್ಲಂತೂ ಲ್ಯಾಮಿನೇಟ್ ಮಾಡಿಸಿದ ಚೀಟಿಯಿದೆ: 'ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಬಾರ್ಲಿ ಒಂದು ಕಣವೂ ತಿನ್ನುವಂತಿಲ್ಲ.' ಓದಿದ ಖಾನಾವಳಿಯವರು ಮೊದಲು ಎರಡು ಹೆಜ್ಜೆ ಹಿಂದೆ ಸರಿದು, 'ಅಂಟುಜಡ್ಡೇನ್ರಿ ಇದು?' ಎಂದು ಕೇಳುತ್ತಾರೆ.

ಅಂಟುಜಡ್ಡಲ್ಲ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಒಳಗೆ ಹೋದರೆ ಇಂಥವರ ದೇಹದ ರಕ್ಷಣಾ ಪಡೆ ತನ್ನದೇ ಸಣ್ಣಕರುಳಿನ ಮೇಲೆ ದಂಡೆತ್ತಿ ಹೋಗುತ್ತದೆ. ಉಂಡದ್ದರ ಸಾರ ಹೀರುವ ಕರುಳಿನ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಭೇದಿ, ರಕ್ತಹೀನತೆ, ಏನು ಉಂಡರೂ ಮೈಗೆ ಹತ್ತದ ಸುಸ್ತು. ಗುಳಿಗೆಯಿಂದ ಹೋಗುವಂಥದ್ದಲ್ಲ, ಬದುಕಿರುವ ತನಕ ಪಥ್ಯ. ಗೋಧಿಯೇ ಕಳ್ಳ ಎಂದು ಹಿಡಿದುಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕಾಲಕ್ಕೆ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ತತ್ವಾರ ಬಂದಾಗ ಊರೆಲ್ಲ ಸೊರಗಿತು, ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ಮರಳಿದ ಮೇಲೆ ಮತ್ತೆ ಹಾಸಿಗೆ ಹಿಡಿದರು. ಡಿಕೆಯವರಿಗೆ ಮೊದಲೇ ಇದ್ದ ಗುಮಾನಿ ಗಟ್ಟಿಯಾಗಿ, 1950ರಲ್ಲಿ ಪ್ರಬಂಧವಾಯಿತು. ಈಗ ನಮ್ಮ ಸರ್ಕಾರದ ನಿಯಮವೂ ಇದೆ: 'ಗ್ಲುಟೆನ್ ಇಲ್ಲ' ಎಂದು ಬರೆಯಬೇಕಾದರೆ ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಇದನ್ನು ಅಳಿಯಂದಿರು ಶಹಾಪುರದ ಒಬ್ಬ ಅಡುಗೆಯವನಿಗೆ ವಿವರಿಸಿದಾಗ ಅವನು ಬಹಳ ಹೊತ್ತು ತನ್ನ ಬೆರಳು ನೋಡಿಕೊಂಡ. ಅವನ ಬಳಿ ಇದ್ದ ಅತಿ ಸಣ್ಣ ಅಳತೆ ಚಿಟಿಕೆ.

ಉತ್ತರ ಭಾರತದಲ್ಲಿ ಇಂಥವರು ಸುಮಾರು ನೂರಕ್ಕೊಬ್ಬರು, ದಕ್ಷಿಣದಲ್ಲಿ ಸಾವಿರಕ್ಕೊಬ್ಬರ ಆಸುಪಾಸು. ಹಾಗಾಗಿ ನಮ್ಮ ಕಡೆ ಈ ಕಾಯಿಲೆಗೆ ಇರುವ ಹೆಸರು ಒಂದೇ, 'ಗ್ಯಾಸ್'. ಅದಕ್ಕೆ ಓಂಕಾಳು, ಸೋಡಾ ಮತ್ತು 'ಏನಾಗ್ತದ, ತಿನ್ರಿ' ಎಂಬ ಧೈರ್ಯವಚನ. ಈ ಮೂರನೆಯದೇ ಅತ್ಯಂತ ಅಪಾಯಕಾರಿ.

ಹುಡುಗಿ ಸುರಪುರದವಳು ಎಂದು ಗೊತ್ತಾದಾಗ ಬೆಂಗಳೂರಿನ ಈ ಹುಡುಗ ಮೊದಲು ವಿಚಾರಿಸಿದ್ದು ಮನೆತನವನ್ನಲ್ಲ, ಬೆಳೆಯನ್ನು. ಜೋಳದಲ್ಲಿ ಗ್ಲುಟೆನ್ ಇಲ್ಲ. ಸಜ್ಜೆಯಲ್ಲಿಲ್ಲ, ತೊಗರಿ, ಕಡಲೆ, ಹೆಸರು, ಶೇಂಗಾದಲ್ಲಿಲ್ಲ. ಕೃಷ್ಣೆಯ ಕಾಲುವೆ ಬಂದ ಮೇಲೆ ಗದ್ದೆಯಾದ ನೆಲದ ಭತ್ತದಲ್ಲೂ ಇಲ್ಲ. ಗ್ಲುಟೆನ್ ಇಲ್ಲದ್ದಕ್ಕೇ ನಮ್ಮ ಹೆಂಗಸರು ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ನಾದಿ, ಅಂಗೈಯಿಂದಲೇ ಬಡಿದು ಹಿಗ್ಗಿಸುವುದು. ಹಿಟ್ಟಿಗೆ ಸ್ವಂತ ಜಿಗಿ ಇಲ್ಲ, ಕೈಯೇ ಅದನ್ನು ಹಿಡಿದು ನಿಲ್ಲಿಸಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಬೆಂಗಳೂರಿನ ಮಾಲ್ ಒಂದರಲ್ಲಿ ಅಳಿಯಂದಿರು ಜೋಳದ ಹಿಟ್ಟಿಗೆ ಕೊಟ್ಟ ರೇಟು ಕೇಳಿ ನಮ್ಮಣ್ಣ ಎದೆ ಹಿಡಿದುಕೊಂಡಿದ್ದ. ಅಂಥವರಿಗೆ ಇಡೀ ಯಾದಗಿರಿ ಜಿಲ್ಲೆ ಸ್ವರ್ಗವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಸ್ವರ್ಗದ ಅಡಚಣೆ ಅಲ್ಲಿನ ಮರ್ಯಾದೆ. ನಮ್ಮ ನೆಲದಲ್ಲಿ ಬೆಳೆಯುವುದು ಜೋಳ, ಗೌರವ ಮಾತ್ರ ಗೋಧಿಗೆ. ಮನೆಮಂದಿಗೆ ರೊಟ್ಟಿ, ಬೀಗರಿಗೆ ಚಪಾತಿ. ದಿನಕ್ಕೆ ನುಚ್ಚು, ಹಬ್ಬಕ್ಕೆ ಹೋಳಿಗೆ. ಮಠದ ಜಾತ್ರೆಗೆ ಗೋಧಿ ಹುಗ್ಗಿ, ಲಗ್ನಕ್ಕೆ ಮಾದ್ಲಿ, ಅಳಿಯ ಬಂದರೆ ಶ್ಯಾವಿಗಿ, ಕರಿಗಡುಬು. ಬಡತನ ಕಾಲ್ತೆಗೆದಂತೆಲ್ಲ ಗೋಧಿ ಒಳಗೆ ಬಂದಿದೆ. ಹೀಗಾಗಿ ಅಳಿಯಂದಿರ ಕರುಳಿಗೆ ವೈರಿಗಳು ಯಾರೆಂದರೆ ಅವರನ್ನು ಪ್ರೀತಿಸುವವರು. ಅವರನ್ನು ಲೆಕ್ಕಕ್ಕೇ ಹಿಡಿಯದ ಮನೆಯಲ್ಲಿ ಅವರು ನಿಶ್ಚಿಂತೆಯಿಂದ ಉಣ್ಣಬಲ್ಲರು.

ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ಯಾದಗಿರಿಯಲ್ಲಿ ಇಳಿದದ್ದೇ ತಡ, ತಪಾಸಣೆ ಶುರು. ಇಡ್ಲಿ ಅಕ್ಕಿ-ಉದ್ದಿನದ್ದು, ಸರಿ. ಸಾಂಬಾರಿನಲ್ಲಿ ಹಿಂಗು. ಅಸಲಿ ಹಿಂಗು ಅಫಘಾನಿಸ್ತಾನ, ಇರಾನಿನ ಗಿಡದ ಅಂಟು. ಡಬ್ಬಿಯಲ್ಲಿ ಅದು ಹೆಸರಿಗೆ, ಉಳಿದದ್ದು ಗೋಂದು ಮತ್ತು ಹಿಟ್ಟು. ಎಷ್ಟೋ ಕಂಪನಿಗಳ ಡಬ್ಬಿಯಲ್ಲಿ ಆ ಹಿಟ್ಟು ಗೋಧಿಯದು. ದೋಸೆಗೆ ಗರಿ ಬರಲೆಂದು ಮೈದಾ ಬೆರೆಸಿರಬಹುದು. 2009ರ ಡಿಸೆಂಬರಿನಲ್ಲಿ ಜಿಲ್ಲಾಕೇಂದ್ರವಾದ ಊರಿನಲ್ಲಿ ಈಗ ಬಂಡಿಗೊಂದು ಗೋಬಿ ಮಂಚೂರಿ. ಅದರಲ್ಲಿ ಮೈದಾ, ಮೇಲೆ ಸುರಿಯುವ ಸೋಯಾ ಸಾಸಿನಲ್ಲೂ ಗೋಧಿ. ಕೊನೆಗೆ ಸಿಕ್ಕಿದ್ದು ಸೂಸ್ಲಾ. ಅಕ್ಕಿಯ ಚುರುಮುರಿ, ಪುಟಾಣಿ ಪುಡಿ, ಹಸಿಮೆಣಸಿನಕಾಯಿ. ಹಿಂಗಿಲ್ಲ ಎಂದು ಮಾಡುವ ಅವ್ವ ಆಣೆ ಮಾಡಿದಳು. ಅಳಿಯಂದಿರು ಇನ್ನೇನು ಬಾಯಿಗೆ ಇಡಬೇಕು, ಆಕೆ ಪ್ರೀತಿಯಿಂದ ಮೇಲೊಂದು ಮಿರ್ಚಿ ಭಜಿ ಇಟ್ಟಳು. ಪಕ್ಕದ ಬಾಣಲೆಯಲ್ಲಿ ಅದೇ ಎಣ್ಣೆಗೆ ಪೂರಿಗಳು ಇಳಿಯುತ್ತಿದ್ದವು.

'ತೆಗೀತೀನ್ ತಗೋರಿ' ಎಂದು ಆಕೆ ಭಜಿಯನ್ನು ಕೈಯಿಂದ ಎತ್ತಿದಳು.

'ಇಲ್ಲಮ್ಮ, ಮುಟ್ಟಿಬಿಡ್ತು. ಇನ್ನು ತಿನ್ನೋಕಾಗಲ್ಲ.'

ಆಕೆಯ ಮುಖ ಬಿಗಿಯಿತು. ಮುಟ್ಟಿದ್ದನ್ನು ಉಣ್ಣೆವು ಎಂದವರನ್ನು ಆಕೆ ಜೀವಮಾನದಲ್ಲಿ ಸಾಕಷ್ಟು ಕಂಡಿದ್ದಳು ಅಂತ ಕಾಣುತ್ತದೆ. ನಾನು ನಡುವೆ ಬಿದ್ದು, 'ಅವ್ವಾ, ನಿನ್ನ ಕೈಯಲ್ಲ, ಪೂರಿ ಎಣ್ಣಿ' ಎಂದು ತಿಳಿಹೇಳುವುದರಲ್ಲಿ ಬೆವರಿದೆ. ಆಕೆ ಹೊಸ ತಟ್ಟೆಯಲ್ಲಿ ಹೊಸ ಸೂಸ್ಲಾ ಹಾಕಿಕೊಟ್ಟು, ಅಳಿಯಂದಿರು ಉಂಡು ಮುಗಿಸುವ ತನಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ನಿಂತಳು. ಅವರು ಎರಡನೆಯ ತಟ್ಟೆ ಕೇಳಿದಾಗಲೇ ಆಕೆ ಒಲೆಯ ಕಡೆ ತಿರುಗಿದ್ದು.

ಸುರಪುರದ ಮನೆಯಲ್ಲಿ ಇನ್ನೊಂದು ಪುರಾಣ. ಅತ್ತಿಗೆ ಚಪಾತಿಯ ಆಸೆ ಬಿಟ್ಟು ರೊಟ್ಟಿಗೆ ಒಪ್ಪುವುದಕ್ಕೇ ಕಣ್ಣೀರು ಖರ್ಚಾಗಿತ್ತು. 'ಅಳಿಯಗ ರೊಟ್ಟಿ ಹಾಕಿದ್ರ ಮಂದಿ ಏನಂದಾರ?' ಒಪ್ಪಿದ ಮೇಲೆ ಅಳಿಯಂದಿರು ಮೆಲ್ಲಗೆ ಕೇಳಿದರು, 'ಅತ್ತೆ, ಹಿಟ್ಟು ಯಾವ ಗಿರಣಿದು?' ಗಿರಣಿಯ ಕಲ್ಲು ಒಂದೇ. ಮುಂದಿನವರ ಗೋಧಿ ಇಳಿದ ಬೆನ್ನಿಗೇ ನಮ್ಮ ಜೋಳ. ಗಿರಣಿಯಲ್ಲಿ ಯಾರ ಹಿಟ್ಟು ಯಾರ ಡಬ್ಬಿಗೆ ಎಷ್ಟು ಹೋಯಿತೆಂಬುದು ಬ್ರಹ್ಮನಿಗೂ ಗೊತ್ತಿಲ್ಲ. ಅಣ್ಣ ನಸುಕಿನಲ್ಲೇ ಹೋಗಿ ಮೊದಲ ಪಾಳಿ ಹಿಡಿದ. ಗಿರಣಿಯವನು ಕಲ್ಲು ಜಾಡಿಸಿದ, ಮೊದಲೆರಡು ಸೇರು ಬೀಸಿ ದನಕ್ಕೆಂದು ಬೇರೆ ತೆಗೆದ, 'ದೇವ್ರ ಪೂಜಿಗೇನ್ರಿ?' ಎಂದು ಕೇಳಿದ. ಅಣ್ಣ ಹೌದೆಂದ. ಅಷ್ಟಾದರೂ ಅಳಿಯಂದಿರ ಹುಬ್ಬು ಇಳಿಯಲಿಲ್ಲ. ಕೊನೆಗೆ ಅತ್ತಿಗೆ ಅಟ್ಟದ ಮೂಲೆಯಿಂದ ಬೀಸುಕಲ್ಲು ಇಳಿಸಿದಳು.

ಮೊಣಕಾಲು ಹಿಡಿದುಕೊಂಡು ಕುಂತು, ಅರ್ಧ ಮರೆತ ಬೀಸುವ ಪದ ಹಾಡುತ್ತ ಆಕೆ ಕಲ್ಲು ತಿರುವತೊಡಗಿದ್ದೇ ತಡ, ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ. ಬೆಂಗಳೂರಿನವರು ಜಾನಪದ ಶೂಟಿಂಗಿಗೆ ಬಂದಿದ್ದಾರೆಂದು ಸುದ್ದಿಯಾಗಿತ್ತು. ಒಬ್ಬಾಕೆ ಸೀರೆ ಬದಲಿಸಿಕೊಂಡೇ ಬಂದಿದ್ದಳು.

ಇಡೀ ವರ್ಷದಲ್ಲಿ ಅಳಿಯಂದಿರು ಅರಸರಾಗುವ ದಿನವೊಂದಿದೆ, ಎಳ್ಳಮಾಸಿ. ಅವತ್ತು ಹೊಲಕ್ಕೆ ಹೋಗುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡುಬು, ಹತ್ತಾರು ಕಾಯಿ-ಕಾಳು ಕೂಡಿಸಿದ ಭಜ್ಜಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಅಂಬಲಿ. ಮೊನ್ನೆಯ ಎಳ್ಳಮಾಸಿಗೆ ಅವರು ಚರಗ ಚೆಲ್ಲಿದ ಮೇಲೆ ಬನ್ನಿಗಿಡದ ನೆರಳಿಗೆ ಕುಂತು ಯಾರನ್ನೂ ಏನೂ ಕೇಳದೆ ಉಂಡರು. ಅತ್ತಿಗೆ ತಂದಿದ್ದ ಹೋಳಿಗೆಯ ಡಬ್ಬಿಯನ್ನು ಅಣ್ಣ ಬೇಕೆಂದೇ ಟ್ರ್ಯಾಕ್ಟರಿನಲ್ಲಿ ಮರೆತಿದ್ದ.

ಊರಿಗೆ ಮರಳುವ ದಿನ ಮಧ್ಯಾಹ್ನ ಶಹಾಪುರದಲ್ಲಿ ಬಸ್ಸು ಬದಲಿಸಬೇಕಾಯಿತು. ಗುಡ್ಡದ ರೂಪದಲ್ಲಿ ಬುದ್ಧ ಅಂಗಾತ ಮಲಗಿದ್ದ. 'ಊಟ ಆಯ್ತೇನ್ರಿ?' ಎಂದು ಕೇಳದವನು ಊರಿಗೆಲ್ಲ ಅವನೊಬ್ಬ. ಬೆಳಿಗ್ಗೆ ಬುತ್ತಿ ಕಟ್ಟುವ ಗದ್ದಲದಲ್ಲಿ ಪಲ್ಲೆಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ಹಳೆಯ ಖಾನಾವಳಿಯೊಂದಕ್ಕೆ ಹೋದೆವು. ಅಳಿಯಂದಿರು ಚೀಟಿ ಕೊಟ್ಟರು. ಮಾಲೀಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ, ತಿರುವಿ ಹಿಂಬದಿಯನ್ನೂ ನೋಡಿದ, ಅಂಟುಜಡ್ಡೇ ಎಂದು ಕೇಳಲಿಲ್ಲ. ಲೈಸೆನ್ಸೂ ತರಲಿಲ್ಲ. ಒಳಗೆ ಹೋಗಿ ತಾನೇ ನಿಂತು ಹಂಚು ತೊಳೆಸಿದ. ಚಪಾತಿ ಲಟ್ಟಿಸುವವಳನ್ನು ಹೊರಗೆ ಕಳಿಸಿದ. ರೊಟ್ಟಿ ಬಡಿಯುವ ಅಕ್ಕನಿಗೆ 'ಬರೇ ಜ್ವಾಳ, ಮ್ಯಾಲ ನೀರಷ್ಟ ಹಚ್ಚು' ಎಂದ. ಎಣ್ಣಿಗಾಯಿಗೆ ಹಿಂಗಿಲ್ಲದ ಒಗ್ಗರಣೆ, ಮೊಸರು, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ. ಖಾನಾವಳಿಯೊಂದರಲ್ಲಿ ಅಳಿಯಂದಿರಿಗೆ ಮೊದಲ ಬಾರಿಗೆ ಕೇಳಲು ಪ್ರಶ್ನೆಗಳೇ ಇರಲಿಲ್ಲ. ಬಿಸಿ ರೊಟ್ಟಿ ಮುರಿಯುತ್ತ, 'ಮಾವ, ಈ ಜಾಗದ ಹೆಸರು ಬರೆದಿಟ್ಕೊಳ್ಳಿ' ಎಂದರು. ಕಣ್ಣಂಚಿನಲ್ಲಿ ನೀರಿತ್ತು. ಹಿಂಡಿ ಖಾರ ಇತ್ತು ಅನ್ನಿ.

ಮಾಲೀಕ ಮತ್ತೆ ಬಂದ. ಕೈಯಲ್ಲೊಂದು ಬಟ್ಟಲು, ಅದರಲ್ಲಿ ತುಪ್ಪ ತೇಲುವ ಹುಗ್ಗಿ, ಮೇಲೆ ಗಸಗಸೆ, ಕೊಬ್ಬರಿ.

'ಇದು ನಮ್ಮ ಕಡಿಂದ ತಗೋರಿ, ಬಿಲ್ಲಿಗಿ ಹಾಕಂಗಿಲ್ಲ.'

ಅಳಿಯಂದಿರ ಕೈ ಗಾಳಿಯಲ್ಲೇ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಮಾಲೀಕ ಬಟ್ಟಲನ್ನು ಅವರತ್ತ ಸರಿಸಿ, ಬಗ್ಗಿ, ಭರವಸೆಯ ದನಿಯಲ್ಲಿ ಹೇಳಿದ:

'ನಿಮ್ಮ ಚೀಟಿ ಓದೀನ್ರಿ ಸಾಹೇಬ್ರ, ಅಂಜಬ್ಯಾಡ್ರಿ. ಇದರಾಗ ಗೋಧಿ ಹಿಟ್ಟು ಒಂದ್ ಕಣಾ ಇಲ್ಲ. ಇಡೀ ಗೋಧಿ ಕುಟ್ಟಿ ಮಾಡಿಸೀವಿ.'